ಹಳೇ ಟ್ಯೂಬ್ ಆಂಪ್ ಕೊಳ್ಳುವಿರಾ? ಮೊದಲು ಹಿಂಬದಿ ನೋಡಿ

ಬೇಸ್ ಗಿಟಾರ್ ಹುಡುಗರ ಆಸೆಯೂ ಕಾಸೂ ಇದರ ಮೇಲೆ

ಮನೆಯಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೊ ಇದ್ದವರಿಗೆ ನೆನಪಿದ್ದೀತು. ಸ್ವಿಚ್ ತಿರುವಿದ ಕೂಡಲೇ ಹಾಡು ಬರುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ನಿಧಾನಕ್ಕೆ ಕೆಂಪಾಗಿ, ಅರ್ಧ ನಿಮಿಷ ಕಳೆದ ಮೇಲೆ ಆಕಾಶವಾಣಿ ಮಾತಾಡುತ್ತಿತ್ತು. ಟ್ರಾನ್ಸಿಸ್ಟರ್ ಬಂತು, ಆ ಪೆಟ್ಟಿಗೆ ಅಟ್ಟ ಸೇರಿತು. ಆದರೆ ಗಿಟಾರ್ ಬಾರಿಸುವವರ ಲೋಕದಲ್ಲಿ ಆ ಗಾಜಿನ ಬುರುಡೆ ಇನ್ನೂ ಸೋತಿಲ್ಲ. ವಾಲ್ವ್ ಅನ್ನಿ, ಟ್ಯೂಬ್ ಅನ್ನಿ, ಅದರ ದನಿಯ ದಪ್ಪ ಬೇರೆಯದರಲ್ಲಿ ಬರುವುದಿಲ್ಲ ಅಂತಲೇ ಅವರ ವಾದ.

ಗೋವಾದಲ್ಲಿ ಮದುವೆ, ಡಿಸೆಂಬರ್ ಕುಣಿತ ಎಂದರೆ ಬ್ಯಾಂಡ್ ಬೇಕು. ಕಾಸರಗೋಡಿನಲ್ಲಿ ಗಾನಮೇಳ ಅಂತಾರೆ, ಸೊಲ್ಲಾಪುರದ ಕಡೆ ಆರ್ಕೆಸ್ಟ್ರಾ, ಗಡಿ ದಾಟಿದರೆ ರಸಮಂಜರಿ. ಹೆಸರು ಯಾವುದೇ ಇರಲಿ, ವೇದಿಕೆಯ ಮೂಲೆಯಲ್ಲಿ ನಾಲ್ಕು ತಂತಿಯ ಬೇಸ್ ಹಿಡಿದು ನಿಂತ ಹುಡುಗನನ್ನು ಯಾರೂ ನೋಡುವುದಿಲ್ಲ. ಅವನು ನಿಲ್ಲಿಸಿದಾಗ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ, ಹಾಡಿನ ನೆಲವೇ ಕುಸಿದಂತೆ.

ಇಂಥವನು ಒಂದೆರಡು ಸೀಸನ್ನಿನ ದುಡಿಮೆ ಕೂಡಿಟ್ಟು ಹಳೇ ಟ್ಯೂಬ್ ಆಂಪ್ಲಿಫೈಯರ್ ಹುಡುಕಿ ಹೊರಡುತ್ತಾನೆ. ಹೊಸದು ಕೈಗೆಟುಕುವುದಿಲ್ಲ. ಹಳೆಯದರಲ್ಲಿ ಎಡವಿದರೆ ಹಣವೂ ಹೋಯ್ತು, ನಡು ಕಾರ್ಯಕ್ರಮದಲ್ಲಿ ಸದ್ದಡಗಿದರೆ ಮುಂದಿನ ಕರೆಯೂ ಹೋಯ್ತು. ಎಡವುವುದು ಹೆಚ್ಚಾಗಿ ಒಂದೇ ಕಡೆ: ಮುಂಬದಿಯ ಹೆಸರು ನೋಡಿ ಮಾರುಹೋಗುತ್ತಾರೆ. ಆಂಪಿನ ಆಯುಷ್ಯ ಇರುವುದು ಹಿಂಬದಿಯಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ.

ದೊಡ್ಡ ಹೆಸರು, ದೊಡ್ಡ ತೂಕ

ಹೆಸರುಗಳ ಕತೆಯೂ ಚಂದವೇ. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು, ಅದಕ್ಕೆ ಜೋಡಿಯಾಗಿ 1952ರಲ್ಲಿ ಬಾಸ್‌ಮನ್ ಆಂಪ್. ಬೇಸಿಗೆಂದು ಮಾಡಿದ ಬಾಸ್‌ಮನ್ ಕೊನೆಗೆ ಗಿಟಾರಿನವರ ಪಾಲಾಯಿತು. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು 1962ರಲ್ಲಿ ತಮ್ಮ ಮೊದಲ ಆಂಪ್ ಮಾಡಿದ್ದೂ ಅದನ್ನೇ ಮುಂದಿಟ್ಟುಕೊಂಡು. 1960ರಲ್ಲಿ ಬಂದ ಆಂಪೆಗ್ ಬಿ-15 ಸ್ಟುಡಿಯೊಗಳ ಪ್ರೀತಿಯ ಪೆಟ್ಟಿಗೆ. ಡೆಟ್ರಾಯಿಟ್‌ನ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಬಳಸಿದ್ದು ಇದನ್ನೇ. ಆಮೇಲೆ 1969ರಲ್ಲಿ ಅದೇ ಆಂಪೆಗ್‌ನ ಎಸ್‌ವಿಟಿ, 300 ವಾಟ್. ಆ ವರ್ಷದ ಅಮೆರಿಕ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಹೊತ್ತು ತಿರುಗಿತು. ಅಂದಿನಿಂದ ಬೇಸ್ ಹುಡುಗರ ಕನಸಿನಲ್ಲಿ ಅದೇ.

ಕನಸಿಗೆ ತೂಕವಿಲ್ಲ, ಎಸ್‌ವಿಟಿಗೆ ಇದೆ. ಈಚಿನ ವರ್ಷಗಳ ಎಸ್‌ವಿಟಿ-ಸಿಎಲ್ ಹೆಡ್ ಒಂದೇ ಸುಮಾರು 36 ಕಿಲೊ. ಎಂಟು ಸ್ಪೀಕರಿನ ಪೆಟ್ಟಿಗೆ 60 ಕಿಲೊ ಮೀರುತ್ತದೆ. ಟೆಂಪೊ ಇದ್ದು, ಎತ್ತಲು ಇಬ್ಬರಿದ್ದರೆ ಸರಿ. ಆಟೊದಲ್ಲಿ ಓಡಾಡುವವನಿಗೆ ಇದು ಆಂಪ್ ಅಲ್ಲ, ಬೀರು.

ಊರೂರು ತಿರುಗುವವನಿಗೆ 100 ವಾಟಿನ, ನಾಲ್ಕು ಪವರ್ ಟ್ಯೂಬಿನ ಹೆಡ್ಡೇ ವಾಸಿ. 1970ರ ದಶಕದ ಆಂಪೆಗ್ ವಿ-4ಬಿ ಈ ಜಾತಿಯದು. ಕೆನಡಾದ ಟ್ರೇನರ್ ಕಂಪನಿಯ ಹಳೇ ಹೆಡ್‌ಗಳಿಗೂ ಗಟ್ಟಿಮುಟ್ಟೆಂಬ ಹೆಸರಿದೆ. ಪೀಟ್ ಟ್ರೇನರ್ ತಮ್ಮ ಆಂಪನ್ನು ಪರೀಕ್ಷೆಗೆಂದು ಮಾಳಿಗೆಯಿಂದ ಕೆಳಕ್ಕೆ ಹಾಕಿದರೆಂಬ ಕತೆಯೂ ಓಡಾಡುತ್ತದೆ. ನಮ್ಮ ಕಡೆ ಅವು ಕಣ್ಣಿಗೆ ಬೀಳುವುದು ಅಪರೂಪ ಎನ್ನುವುದು ಬೇರೆ ಮಾತು. ದೊಡ್ಡ ಮೈದಾನದಲ್ಲಿ ಹೇಗೂ ಸೌಂಡ್ ಸಿಸ್ಟಮ್‌ನವರು ಬೇಸ್ ದನಿಯನ್ನು ತಮ್ಮ ಮಿಕ್ಸರಿಗೆ ಎಳೆದುಕೊಳ್ಳುತ್ತಾರೆ. ಆಂಪಿನ ಕೆಲಸ ವೇದಿಕೆಯ ಮಟ್ಟಿಗೆ. ಎರಡು ಪವರ್ ಟ್ಯೂಬಿನ 50 ವಾಟ್ ಬಾಸ್‌ಮನ್ ಹೆಡ್ ಮಾತ್ರ ಜೋರು ಡ್ರಮ್ಮಿನ ಪಕ್ಕ ಉಸಿರುಗಟ್ಟುತ್ತದೆ, ಸಣ್ಣ ಹಾಲ್‌ಗೆ ಸಾಕು.

ಇನ್ನೊಂದು ಮೋಸ ಬೀಳುವ ಜಾಗ. ಮಾರುವವರು ‘ಟ್ಯೂಬ್ ಆಂಪ್’ ಎಂದಾಗ ಎಲ್ಲಾ ಟ್ಯೂಬೇ ಇರಬೇಕೆಂದಿಲ್ಲ. ಎಸ್‌ವಿಟಿ-3 ಪ್ರೊ, ಹಾರ್ಟ್ಕೆ ಎಚ್‌ಎ 3500 ಇಂಥವುಗಳಲ್ಲಿ ಮುಂಭಾಗದ ಸಣ್ಣ ಹಂತಕ್ಕಷ್ಟೇ ಟ್ಯೂಬ್, ಬಲ ಕೊಡುವುದು ಟ್ರಾನ್ಸಿಸ್ಟರ್. ಅವು ಕೆಟ್ಟ ಆಂಪ್‌ಗಳಲ್ಲ, ತೂಕವೂ ಕಡಿಮೆ. ಆದರೆ ಪೂರಾ ಟ್ಯೂಬಿನ ಬೆಲೆ ಕೊಟ್ಟು ಅವನ್ನು ತರಬಾರದು ಅಷ್ಟೆ.

ತಣ್ಣಗಿದ್ದಾಗಲೇ ಹೋಗಿ

ನೋಡಲು ಹೋಗುವ ಮುಂಚೆ ಮಾಲೀಕರಿಗೆ ಫೋನ್ ಮಾಡಿ, ಆನ್ ಮಾಡಿಡಬೇಡಿ ಎಂದು ಹೇಳಿಡುವುದು ಒಳ್ಳೇದು. ಬಿಸಿಯಾದ ಮೇಲೆ ಸುಮ್ಮನಾಗುವ ರೋಗಗಳೂ ಉಂಟು, ಬಿಸಿಯಾದ ಮೇಲೆ ಶುರುವಾಗುವವೂ ಉಂಟು. ಎರಡೂ ಕಾಣಬೇಕಾದರೆ ತಣ್ಣಗಿದ್ದಾಗಿಂದ ನೋಡಬೇಕು.

ಟಾರ್ಚ್ ಹಿಡಿದು ಹಿಂಬದಿಯಿಂದ ಆರಂಭಿಸಿ. ಫ್ಯೂಸ್ ಬಿಚ್ಚಿ ನೋಡಿ. ಪಕ್ಕದಲ್ಲಿ ಬರೆದಷ್ಟೇ ಆಂಪಿಯರಿನದು ಇದೆಯೇ? ಜಾಸ್ತಿಯದು ಹಾಕಿದ್ದರೆ, ಇಲ್ಲವೇ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿದ್ದರೆ, ಒಳಗೆ ಏನೋ ಸುಡುತ್ತಿದೆ, ಅದನ್ನು ಮುಚ್ಚಿಟ್ಟಿದ್ದಾರೆ ಅಂತಲೇ ಅರ್ಥ. ಟ್ರಾನ್ಸ್‌ಫಾರ್ಮರ್ ಹತ್ತಿರ ಮೂಗು ಒಯ್ದು ನೋಡಿ, ಸುಟ್ಟ ವಾರ್ನಿಷ್ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಮೇಣದಂಥದ್ದು ಸೋರಿ ಗಟ್ಟಿಯಾಗಿದ್ದರೆ ಬೆಲೆ ಮಾತಾಡುವುದೇ ಬೇಡ. ಅಮೆರಿಕದ ಹಳೇ ಆಂಪ್‌ಗಳ ಟ್ರಾನ್ಸ್‌ಫಾರ್ಮರ್ ಮೇಲೆ ಅಂಕಿಗಳ ಗುರುತು ಒತ್ತಿರುತ್ತಾರೆ. ಫೆಂಡರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ 606 ಎಂದರೆ ಶೂಮಾಕರ್ ಕಂಪನಿ, ಅದರ ಮುಂದಿನ ಅಂಕಿಗಳು ತಯಾರಾದ ವರ್ಷ ಮತ್ತು ವಾರ. ಅದು ಆಂಪಿನ ವಯಸ್ಸಿಗೆ ಹೊಂದದಿದ್ದರೆ ಟ್ರಾನ್ಸ್‌ಫಾರ್ಮರ್ ಬದಲಾಗಿದೆ. ಬದಲಾಗಿದ್ದೇ ತಪ್ಪಲ್ಲ, ಯಾಕೆ ಅಂತ ಕೇಳಬೇಕು.

ಕರಾವಳಿಯ ಆಂಪ್‌ಗಳಿಗೆ ಮಳೆಗಾಲವೇ ಶತ್ರು. ಟ್ಯೂಬ್ ಕೂರುವ ಸಾಕೆಟ್ಟಿನಲ್ಲಿ ಹಸಿರು ಕಿಲುಬು, ಕಬ್ಬಿಣದ ಪಟ್ಟಿಗಳ ಮೇಲೆ ತುಕ್ಕು, ಬಟ್ಟೆಯಲ್ಲಿ ಬೂಷ್ಟು. ಕಿಲುಬನ್ನು ತೊಳೆಯಬಹುದು, ಸಾಕೆಟ್ ಬದಲಿಸಲೂಬಹುದು.

ಆಮೇಲೆ ಸ್ಪೀಕರ್ ಜೋಡಿಸಿಯೇ ಆನ್ ಮಾಡಬೇಕು. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಬಾರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಸಂಭವ ಇದೆ. ಸ್ಪೀಕರ್ 4 ಓಮೋ 8 ಓಮೋ ನೋಡಿ ಅದೇ ತೂತಿಗೆ ಹಾಕಬೇಕು. ವೈರೂ ಸ್ಪೀಕರಿನದೇ ಇರಲಿ, ಗಿಟಾರಿನ ತೆಳು ವೈರು ಬೇಡ.

ಕೋಣೆಯ ದೀಪ ಆರಿಸಿ ಟ್ಯೂಬ್‌ಗಳನ್ನು ನೋಡಿ. ನಡುವೆ ಕಿತ್ತಳೆ ಬೆಳಕು ಸಹಜ, ಗಾಜಿನ ಒಳಮೈಯಲ್ಲಿ ತಿಳಿನೀಲಿ ಕಂಡರೂ ಹೆದರಬೇಕಿಲ್ಲ. ಆದರೆ ಒಳಗಿನ ಬೂದುಬಣ್ಣದ ತಗಡೇ ಕೆಂಪೇರಿತೋ, ತಕ್ಷಣ ಆರಿಸಿ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಗುಂಯ್ ಎನ್ನುತ್ತಿದ್ದರೆ ಫಿಲ್ಟರ್ ಕೆಪಾಸಿಟರ್‌ಗಳು ಸೊರಗಿವೆ. 1970ರ ದಶಕದ ಆಂಪಿನಲ್ಲಿ ಅವು ಮೊದಲಿನವೇ ಇದ್ದರೆ ಬದಲಿಸಲೇಬೇಕು. ‘ಒಳಗೆ ಒಂದು ಸ್ಕ್ರೂ ಮುಟ್ಟಿಲ್ಲ, ಎಲ್ಲಾ ಒರಿಜಿನಲ್’ ಎನ್ನುವುದು ಸಂಗ್ರಹಕಾರರಿಗೆ ಸಿಹಿ ಸುದ್ದಿ. ವಾರಕ್ಕೆರಡು ಕಾರ್ಯಕ್ರಮ ಇರುವವನಿಗೆ ಅದು ಎಚ್ಚರಿಕೆ. ಒಳ್ಳೆ ಕೈ ರಿಪೇರಿ ಮಾಡಿದ ಆಂಪೇ ಅವನಿಗೆ ಮೇಲು.

ಐದು ನಿಮಿಷ ಬಾರಿಸಿ ಎದ್ದು ಬಂದರೆ ಏನೂ ತಿಳಿಯುವುದಿಲ್ಲ. ಸ್ವಂತ ಬೇಸ್ ಒಯ್ದು, ಕಾರ್ಯಕ್ರಮದ ಜೋರಿನಲ್ಲೇ ಒಂದು ಗಂಟೆ ನುಡಿಸಿ. ದಪ್ಪ ತಂತಿಯ ಕೆಳಗಿನ ಸ್ವರ 41 ಹರ್ಟ್ಜ್. ಅದನ್ನು ಹಿಡಿದು ನಿಲ್ಲಿಸಿದಾಗ ದನಿ ಕುಗ್ಗುತ್ತದೆಯೇ, ಪಟಪಟ ಒಡೆಯುತ್ತದೆಯೇ ಕೇಳಿ. ಗುಂಡಿ ತಿರುವಿದಾಗ ಕರಕರ ಅಂದರೆ ಅದು ಧೂಳು, ದೊಡ್ಡ ರೋಗ ಅಲ್ಲ.

ಒಳಗೆ ಮಾತ್ರ ಕೈ ಹಾಕಬಾರದು. ಎಸ್‌ವಿಟಿಯಂಥ ಆಂಪಿನಲ್ಲಿ ಸುಮಾರು 700 ವೋಲ್ಟ್ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಉಳಿದಿರಬಹುದು. ಹಳೇ ಅಮೆರಿಕನ್ ಆಂಪಿಗೆ ಎರಡೇ ಕಾಲಿನ ಪ್ಲಗ್ ಇದ್ದರೆ, ವೇದಿಕೆಗೆ ಹೋಗುವ ಮೊದಲು ಬಲ್ಲವರಿಂದ ಅರ್ತಿಂಗ್ ಇರುವ ಮೂರು ಕಾಲಿನದು ಹಾಕಿಸಲೇಬೇಕು. ಮೈಕಿಗೆ ತುಟಿ ತಾಗಿ ಶಾಕ್ ಹೊಡೆಯುವುದು ಇಂಥ ಕಡೆಯೇ.

ಗಲ್ಫಿನದೋ, ಅಮೆರಿಕದ್ದೋ?

ಗಡಿನಾಡಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ಅಲ್ಲಿಂದ ಹಳೇ ಆಂಪ್ ತರಿಸುವುದು ಸುಲಭದ ದಾರಿ ಎನಿಸುತ್ತದೆ. ದುಬೈ, ಕುವೈತ್‌ನಲ್ಲಿ ಬಳಸಿದ್ದಾದರೆ ಕರೆಂಟು ನಮ್ಮಂತೆಯೇ, 230 ವೋಲ್ಟ್ ಆಸುಪಾಸು, 50 ಹರ್ಟ್ಜ್. ತಂದು ಚುಚ್ಚಬಹುದು. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಜ್. ನೇರ ಚುಚ್ಚಿದರೆ ಅಲ್ಲೇ ಮುಗಿಯಿತು.

ಸ್ಟೆಪ್‌ಡೌನ್ ಹಾಕಿದರಾಯ್ತು ಅಂತಾರೆ. ಅದು ವೋಲ್ಟ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. 60ಕ್ಕೆಂದೇ ಲೆಕ್ಕ ಹಾಕಿ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಕಾಯುತ್ತದೆ. ರಾತ್ರಿಯಿಡೀ ನಡೆಯುವ ಕಾರ್ಯಕ್ರಮದಲ್ಲಿ ಇದು ಸಣ್ಣ ಮಾತಲ್ಲ. ಹಿಂಬದಿಯ ತಗಡಿನಲ್ಲಿ 50/60 ಎಂದು ಬರೆದಿದೆಯೇ, 120-220-240 ಬದಲಿಸುವ ವ್ಯವಸ್ಥೆ ಇದೆಯೇ ಎಂದು ಫೋಟೊ ತರಿಸಿ ನೋಡಿಯೇ ಹಣ ಕಳಿಸಬೇಕು. ಸ್ಟೆಪ್‌ಡೌನ್ ಅನಿವಾರ್ಯವಾದರೆ ಆಂಪ್ ಕೇಳುವ ವಾಟಿಗಿಂತ ಧಾರಾಳವಾಗಿ ದೊಡ್ಡದಿರಲಿ. ಹೊರಲು ಇನ್ನೊಂದು ಕಬ್ಬಿಣದ ಗಟ್ಟಿ ಸಿದ್ಧವಾಯಿತು ಎಂದುಕೊಳ್ಳಿ.

ಹಳ್ಳಿ ಜಾತ್ರೆಯಲ್ಲಿ ಕರೆಂಟು 180ಕ್ಕೆ ಇಳಿದರೆ ಟ್ಯೂಬ್ ಆಂಪ್ ಸೊರಗಿ ಹಾಡುತ್ತದೆ, ಸಾಯುವುದು ಕಡಿಮೆ. ಭಯ ಇರುವುದು ಜನರೇಟರ್ ದಿಢೀರನೆ ಮೇಲೇರಿದಾಗ. ಚುಚ್ಚುವ ಮೊದಲು ಮೀಟರ್ ಹಿಡಿದು ನೋಡುವುದಕ್ಕೆ ನಾಚಿಕೆ ಬೇಡ.

ಬುರುಡೆ ಎಲ್ಲಿಂದ ಬರುತ್ತದೆ?

ಒಂದು ಕಾಲಕ್ಕೆ ಈ ಬುರುಡೆಗಳು ಬೆಂಗಳೂರಿನಲ್ಲೇ ತಯಾರಾಗುತ್ತಿದ್ದವು. 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆಗೆ ಕೈಹಾಕಿತು. ಆ ದಿನ ಮುಗಿಯಿತು. ಈಗ ಆಂಪಿನ ಟ್ಯೂಬ್ ಬಹುಪಾಲು ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದಲೇ ಬರಬೇಕು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾ ರಫ್ತು ತಡೆದಾಗ ಲೋಕದ ತುಂಬ ಟ್ಯೂಬಿಗೆ ಹಾಹಾಕಾರ, ಬೆಲೆ ಏರಿತು.

ಹಾಗಾಗಿ ಆಂಪ್ ಯಾವ ಟ್ಯೂಬ್ ಕೇಳುತ್ತದೆ ಎನ್ನುವುದೂ ಆಯ್ಕೆಯ ಭಾಗ. 6ಎಲ್6, ಇಎಲ್34 ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಎಸ್‌ವಿಟಿಗೆ 6550 ಆರು ಬೇಕು, ಆರೂ ಹೊಂದುವಂಥವು ಬೇಕು, ಜೇಬಿಗೆ ಭಾರ. 1969ರ ಮೊದಲ ಎಸ್‌ವಿಟಿಗಳಲ್ಲಂತೂ 6146ಬಿ ಎಂಬ ಬೇರೆಯದೇ ಟ್ಯೂಬ್ ಇತ್ತು. ಅದು ಸತಾಯಿಸಿದ್ದಕ್ಕೆ ಕಂಪನಿಯೇ ಕೆಲ ವರ್ಷದಲ್ಲಿ 6550ಕ್ಕೆ ಬಂತು. ವಿ-4ಬಿಯ ಮೂಲ ಟ್ಯೂಬ್ 7027ಎ, ಅದರ ಜಾಗಕ್ಕೆ 6ಎಲ್6 ಹಾಕುವುದಿದ್ದರೆ ಸಾಕೆಟ್ ಸಂಪರ್ಕ ತಿಳಿದ ಕೈಯೇ ಬೇಕು. ಅಂಥ ಕೈ ಹತ್ತಿರದ ಊರಲ್ಲಿ ಇದೆಯೇ ಎಂದು ಆಂಪ್ ಹುಡುಕುವ ಮೊದಲೇ ಹುಡುಕಿಕೊಳ್ಳಿ. ಹಳೇ ರೇಡಿಯೊ ರಿಪೇರಿ ಮಾಡಿದ ಹಿರಿಯರು ಕೆಲವು ಪೇಟೆಗಳಲ್ಲಿ ಇನ್ನೂ ಇದ್ದಾರೆ. ಮೊಬೈಲ್ ಅಂಗಡಿ ಹುಡುಗನಿಂದ ಇದು ಆಗುವ ಕೆಲಸ ಅಲ್ಲ.

ಇಷ್ಟೆಲ್ಲ ರಗಳೆ ಯಾಕೆ, ಮೂರ್ನಾಲ್ಕು ಕಿಲೊದ ಹೊಸ ಕಾಲದ ಆಂಪ್ ಸಾಲದೇ ಎಂದರೆ, ಬಹಳ ಜನಕ್ಕೆ ಸಾಕು. ಆ ದನಿಯೇ ಬೇಕು ಎನ್ನುವವರಿಗಷ್ಟೇ ಈ ಮಾತು. ಬೆಲೆ ಆಡುವಾಗ ಹೊಸ ಟ್ಯೂಬ್ ಸೆಟ್ಟು, ಕೆಪಾಸಿಟರ್, ಒಂದು ಸರ್ವಿಸ್ ಇವನ್ನು ಕಳೆದು ಆಡಿ. ಹಿಂಬದಿ ಬಿಚ್ಚಿ ನೋಡಲು ಬಿಡದವರಿಗೆ ನಮಸ್ಕಾರ ಹೇಳಿ ಬಸ್ ಹತ್ತಿ.

ತಂದ ಮೇಲೆ ಗಿಟಾರ್ ಚೀಲದಲ್ಲಿ ನಾಲ್ಕು ಸರಿಯಾದ ಫ್ಯೂಸ್, ಒಂದೆರಡು 12ಎಎಕ್ಸ್7 ಸಣ್ಣ ಟ್ಯೂಬ್ ಇಟ್ಟಿರಿ. ಕಾರ್ಯಕ್ರಮ ಮುಗಿದ ಕೂಡಲೇ ಆಂಪನ್ನು ಟೆಂಪೊಗೆ ಎತ್ತಬೇಡಿ, ಬಿಸಿ ಟ್ಯೂಬ್ ಕುಲುಕಾಟ ತಡೆಯದು. ಹದಿನೈದು ನಿಮಿಷ ಆರಲಿ. ಅಷ್ಟರಲ್ಲಿ ವೈರು ಸುತ್ತಿ ಮುಗಿದಿರುತ್ತದೆ.