ಹೆಸರು ಬದಲಿಸಿದ ಹಾಯಿದೋಣಿ

ಹಾಯಿದೋಣಿಯನ್ನು ಕಾರಿನ ಹಿಂದೆ ಕಟ್ಟಿ ಮನೆಗೆ ಎಳೆದೊಯ್ಯಬಹುದೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೋಜರ್ ಮ್ಯಾಕ್‌ಗ್ರೆಗರ್ 1960ರ ದಶಕದಲ್ಲಿ ಆರಂಭಿಸಿದ ಕಾರ್ಖಾನೆ ಹೆಸರಾದದ್ದೇ ಇಂಥ ದೋಣಿಗಳಿಂದ. ಗಾಳಿಯ ಹೊಡೆತಕ್ಕೆ ಹಾಯಿದೋಣಿ ಮಗುಚದಿರಲು ತಳದಲ್ಲಿ ಭಾರ ಬೇಕು. ಸಾಮಾನ್ಯವಾಗಿ ಅದು ಸೀಸ ಇಲ್ಲವೇ ಕಬ್ಬಿಣ. ಇಲ್ಲಿಯೋ, ಬಹುಪಾಲು ಬರೀ ನೀರು! ದೋಣಿಯನ್ನು ನೀರಿಗಿಳಿಸಿ ಕವಾಟ ತೆರೆದರೆ ತಳದ ತೊಟ್ಟಿ ತುಂಬಿಕೊಳ್ಳುತ್ತದೆ. 26 ಅಡಿಯ ಮಾದರಿಯೊಂದರಲ್ಲಿ ಸುಮಾರು 520 ಕಿಲೋಗ್ರಾಂ. ಆ ತೂಕ ಗುರುತ್ವಕೇಂದ್ರವನ್ನು ಕೆಳಗಿಳಿಸುತ್ತದೆ. ದಡಕ್ಕೆ ಎಳೆದಾಗ ನೀರು ಹರಿದುಹೋಗುತ್ತದೆ. ಕಾರಿಗೆ ಅಷ್ಟು ಹೊರೆ ಕಡಿಮೆ.

2013ರಲ್ಲಿ ಮ್ಯಾಕ್‌ಗ್ರೆಗರ್ ನಿವೃತ್ತರಾದರು, ಕಾರ್ಖಾನೆ ಮುಚ್ಚಿತು. ಮಗಳು ಮತ್ತು ಅಳಿಯ ಫ್ಲಾರಿಡಾದಲ್ಲಿ ಅದೇ ಕಸುಬು ಮುಂದುವರಿಸಿದರು. ಹೊಸ ಹೆಸರು ‘ಟ್ಯಾಟೂ’, ಅಂದರೆ ಹಚ್ಚೆ. ದೋಣಿ ಮಾತ್ರ ಹೆಚ್ಚುಕಡಿಮೆ ಹಳೆಯದೇ. ಹಚ್ಚೆ ಅಳಿಸುವುದಿಲ್ಲ ಎನ್ನುತ್ತಾರೆ. ಈ ಹೆಸರು ಕೆಲವೇ ವರ್ಷ ಬಾಳಿತು. ಮ್ಯಾಕ್‌ಗ್ರೆಗರ್ ದೋಣಿಗಳನ್ನು ಜನ ಈಗಲೂ ಕಾರಿನ ಹಿಂದೆ ಎಳೆದೊಯ್ಯುತ್ತಿದ್ದಾರೆ.