ಸೈಕಲ್ ಹತ್ತಿ ಘಟ್ಟದ ಬುಡಕ್ಕೆ

ಅಕ್ಕಂದಿರೇ, ನಮ್ಮ ಬನ್ನಂಜೆಯಿಂದ ಕಾರ್ಕಳಕ್ಕೆ ನೀವು ಹೇಗೆ ಹೋಗುತ್ತೀರಿ? ಬಸ್ಸಿನಲ್ಲಿ. ಕಂಡಕ್ಟರ್ ಕೂಗುತ್ತಾನೆ, ಹತ್ತುತ್ತೇವೆ. ಅವನೇ ಇಳಿಯಿರಿ ಎನ್ನುತ್ತಾನೆ, ಇಳಿಯುತ್ತೇವೆ. ನಡುವೆ ಯಾವ ಊರು ಬಂತು, ಯಾವ ಹೊಳೆ ಬಂತು? ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಕಂಡೀತು. ನಿಂತುಕೊಂಡು ಹೋದರೆ ಅದೂ ಇಲ್ಲ.

ಅದೇ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಹೋದರೆ? "ಅಯ್ಯೋ ಟೀಚರೇ, ಅದೆಲ್ಲ ನಮ್ಮಿಂದ ಆಗ್ಲಿಕ್ಕುಂಟಾ?" ಎಂದು ನಗಬೇಡಿ. ಆಗುತ್ತದೆ. ಹೇಗೆ ಎಂದು ನೋಡೋಣ.

ಯುರೋಪಿನಲ್ಲಿ ಆಲ್ಪ್ಸ್ ಎಂಬ ದೊಡ್ಡ ಪರ್ವತಸಾಲು ಉಂಟು. ತುದಿಯಲ್ಲಿ ಹಿಮ. ಬುಡದಲ್ಲಿ ಹೊಳೆಗಳು, ಸರೋವರಗಳು. ಅಲ್ಲಿ ಕಾನ್‌ಸ್ಟೆನ್ಸ್ ಎಂಬ ಒಂದು ಸರೋವರ. ಅದರ ಸುತ್ತ ಸೈಕಲ್ಲಿಗೆಂದೇ ದಾರಿ ಗುರುತು ಮಾಡಿದ್ದಾರೆ. ಒಂದು ಸುತ್ತು ಬಂದರೆ 260 ಕಿಲೋಮೀಟರಿಗಿಂತ ಹೆಚ್ಚು. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್, ಮೂರು ದೇಶ ನೋಡಿದ ಹಾಗಾಯಿತು. ವಯಸ್ಸಾದವರೂ ಹೋಗುತ್ತಾರೆ. ಅವರು ಪರ್ವತ ಹತ್ತುವುದಿಲ್ಲ. ಹೊಳೆಯ ದಡ, ಕೆರೆಯ ದಡ ಹಿಡಿದು ಹೋಗುತ್ತಾರೆ. ಯಾಕೆ ಹೇಳಿ? ಬೆಟ್ಟ ಬಿಟ್ಟು ಬಯಲಿಗೆ ಬಂದ ಮೇಲೆ ನೀರು ನಿಧಾನವಾಗಿ ಇಳಿಯುತ್ತದೆ. ಅದರ ದಡದ ದಾರಿಯೂ ಹೆಚ್ಚು ಏರುಪೇರಾಗಿ ಇರುವುದಿಲ್ಲ. ಕಾಲಿಗೆ ಸುಲಭ.

ನಮಗೇನು ಕಮ್ಮಿ? ಹಿಮ ಇಲ್ಲ, ಅಷ್ಟೇ. ಪೂರ್ವಕ್ಕೆ ಸಹ್ಯಾದ್ರಿಯ ಘಟ್ಟ ಉಂಟು. ಘಟ್ಟದಿಂದ ಇಳಿದು ಬರುವ ಸ್ವರ್ಣಾ, ಸೀತಾ ನದಿಗಳುಂಟು. ಕಾರ್ಕಳದಲ್ಲಿ ಆನೆಕೆರೆ, ವರಂಗದಲ್ಲಿ ಬಸದಿಯ ಕೆರೆ, ಮಣಿಪಾಲದಲ್ಲಿ ಮಣ್ಣಪಳ್ಳ.

ಈಗ ಒಬ್ಬ ಹೆಂಗಸಿನ ಕಥೆ ಕೇಳಿ. ಕಥೆ ಅಂದರೆ ಕಟ್ಟುಕಥೆ ಅಲ್ಲ, ನಡೆದದ್ದು. ಐರ್ಲೆಂಡ್ ದೇಶದ ಡರ್ವ್ಲಾ ಮರ್ಫಿ ಹುಟ್ಟಿದ್ದು 1931ರಲ್ಲಿ. 10ನೇ ಹುಟ್ಟುಹಬ್ಬಕ್ಕೆ ಆಕೆಗೆ ಒಂದು ಹಳೆಯ ಸೈಕಲ್ಲು, ಒಂದು ಭೂಪಟದ ಪುಸ್ತಕ ಸಿಕ್ಕಿತು. ಸೈಕಲ್ಲಿನಲ್ಲಿ ಇಂಡಿಯಾಕ್ಕೆ ಹೋಗಬೇಕು ಎಂದು ಆಗಲೇ ಮನಸ್ಸು ಮಾಡಿದಳು. ಆದರೆ ಅಮ್ಮನಿಗೆ ಕಾಯಿಲೆ. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳಲು 14ನೇ ವಯಸ್ಸಿಗೆ ಶಾಲೆ ಬಿಟ್ಟಳು. ನಮ್ಮಲ್ಲಿ ಎಷ್ಟು ಜನ ಹೀಗೆ ಶಾಲೆ ಬಿಟ್ಟವರಿದ್ದೀರಿ! ಅಪ್ಪ ತೀರಿಕೊಂಡರು. 1962ರಲ್ಲಿ ಅಮ್ಮನೂ ತೀರಿಕೊಂಡರು. 1963ರ ಜನವರಿಯಲ್ಲಿ, 31ನೇ ವಯಸ್ಸಿನಲ್ಲಿ, ಆಕೆ ಒಬ್ಬಳೇ ಸೈಕಲ್ ಹತ್ತಿ ಹೊರಟಳು. ಅದೇ ವರ್ಷ ಜುಲೈಯಲ್ಲಿ ದೆಹಲಿ ಮುಟ್ಟಿದಳು. ಆಮೇಲೆ ಪುಸ್ತಕವನ್ನೂ ಬರೆದಳು. 2022ರಲ್ಲಿ ತೀರಿಕೊಂಡಳು. ಮಾಡಬೇಕು ಎಂದುಕೊಂಡದ್ದನ್ನು 20 ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಅದು ದೂರದ ದೇಶದ ಮಾತಾಯಿತು. ಹತ್ತಿರದ್ದೂ ಉಂಟು. ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ 1991ರಲ್ಲಿ ಸಾಕ್ಷರತೆಯ ಕೆಲಸ ನಡೆಯುತ್ತಿತ್ತು. ಆಗ ಶೀಲಾ ರಾಣಿ ಚುಂಕತ್ ಎಂಬವರು ಅಲ್ಲಿ ಕಲೆಕ್ಟರ್. ಅಕ್ಷರದ ಜೊತೆಗೆ ಸೈಕಲ್ಲನ್ನೂ ಹೆಂಗಸರಿಗೆ ಕಲಿಸಿದರು. ಹೊಲದ ಕೆಲಸದವರು, ಕಲ್ಲು ಒಡೆಯುವವರು, ಅಂಗನವಾಡಿಯವರು, ಎಲ್ಲರೂ ಕಲಿತರು. ಮೊದಮೊದಲು ದಾರಿಯಲ್ಲಿ ಗಂಡಸರು ತಮಾಷೆ ಮಾಡಿದರು. ಹೆಂಗಸರು ನಿಲ್ಲಿಸಲಿಲ್ಲ. 1992ರ ಮಹಿಳಾ ದಿನದ ಸಮಯದಲ್ಲಿ 70 ಸಾವಿರಕ್ಕೂ ಹೆಚ್ಚು ಹೆಂಗಸರು ಸೈಕಲ್ ಬಿಟ್ಟು ತೋರಿಸಿದರು. ಲೇಡೀಸ್ ಸೈಕಲ್ ಸಾಕಾಗದೆ ಹೋದಾಗ ಗಂಡಸರ ಸೈಕಲ್ಲನ್ನೇ ಹಿಡಿದರು. ಅದರ ಮುಂದಿನ ಅಡ್ಡ ಸರಳಿನ ಮೇಲೆ ಮಗುವನ್ನು ಕೂರಿಸಬಹುದು, ಇದೇ ಒಳ್ಳೇದು ಎಂದರು. ನೋಡಿ, ಹೆಂಗಸರ ಲೆಕ್ಕ!

ಲೆಕ್ಕ ಅಂದಾಗ ನಾವೂ ಒಂದು ಲೆಕ್ಕ ಮಾಡೋಣ. ಬೀಡಿ ಬ್ರಾಂಚು ಮನೆಯಿಂದ 4 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನಡೆದರೆ ಗಂಟೆಗೆ 4 ಕಿಲೋಮೀಟರ್. ಹೋಗಲಿಕ್ಕೆ ಒಂದು ಗಂಟೆ, ಬರಲಿಕ್ಕೆ ಒಂದು ಗಂಟೆ. ಸೈಕಲ್ಲಿನಲ್ಲಿ ನಿಧಾನ ಹೋದರೂ ಗಂಟೆಗೆ 12 ಕಿಲೋಮೀಟರ್. ಹೋಗಲಿಕ್ಕೆ 20 ನಿಮಿಷ, ಬರಲಿಕ್ಕೆ 20 ನಿಮಿಷ. ಉಳಿದದ್ದೆಷ್ಟು? 80 ನಿಮಿಷ. ನಡೆಯುವಾಗ ಮೈಯ ಭಾರವನ್ನು ಪ್ರತಿ ಹೆಜ್ಜೆಗೂ ಕಾಲು ಹೊರಬೇಕು. ಸೈಕಲ್ಲಿನಲ್ಲಿ ಭಾರ ಸೀಟಿನ ಮೇಲೆ. ಕಾಲಿಗೆ ತುಳಿಯುವ ಕೆಲಸ ಮಾತ್ರ. ಅದಕ್ಕೇ ಅಷ್ಟೇ ಶಕ್ತಿಯಲ್ಲಿ ಮೂರು ಪಾಲು ದೂರ ಹೋಗುತ್ತೇವೆ.

ಸರಿ, ಹೊರಡೋಣ. ಮೂರು ನಾಲ್ಕು ಜನ ಸೇರಿ, ಎರಡು ದಿನಕ್ಕೆ. ತಿಂಗಳು ಯಾವುದು? ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೇದು. ಮಳೆಗಾಲದಲ್ಲಿ ಬೇಡ. ಚಕ್ರದ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುವುದಿಲ್ಲ. ಬೆಳಿಗ್ಗೆ ಬೆಳಕು ಹರಿಯುವಾಗ ಹೊರಡಬೇಕು. ಬಿಸಿಲು ಏರಿದ ಮೇಲೆ ನಮ್ಮ ಕರಾವಳಿಯಲ್ಲಿ ಬೆವರು ಇಳಿಯುವುದನ್ನು ನಾನು ಹೇಳಬೇಕೇ?

ಕಲ್ಸಂಕ, ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ. ಅಲ್ಲಿಂದ ಮಣಿಪಾಲಕ್ಕೆ ಏರು. ನಮ್ಮ ಸಾಧಾರಣ ಸೈಕಲ್ಲಿಗೆ ಗೇರ್ ಇಲ್ಲ. ಗೇರ್ ಇದ್ದರೆ ಹಿಂದಿನ ಚಕ್ರದಲ್ಲಿ ಚಿಕ್ಕದು ದೊಡ್ಡದು ಹಲ್ಲುಗಾಲಿಗಳು ಇರುತ್ತವೆ. ಏರು ಬಂದಾಗ ಚೈನನ್ನು ದೊಡ್ಡ ಗಾಲಿಗೆ ಹಾಕುತ್ತಾರೆ. ಆಗ ಪೆಡಲ್ ಹಗುರ, ಆದರೆ ಸೈಕಲ್ ನಿಧಾನ. ಗೇರ್ ಇಲ್ಲದವರು ಇಳಿದು ದೂಡಬೇಕು. ದೂಡಿದರೆ ಮರ್ಯಾದೆ ಹೋಗುವುದಿಲ್ಲ. ಏದುಸಿರು ಬರುವಂತೆ ತುಳಿದರೆ ಮಾತ್ರ ಮಧ್ಯಾಹ್ನಕ್ಕೆ ಮಂಡಿ ಹೋಗುತ್ತದೆ.

ಮಣಿಪಾಲದಿಂದ ಪರ್ಕಳ, ಆತ್ರಾಡಿ, ಹಿರಿಯಡ್ಕ. ಹಿರಿಯಡ್ಕದ ಹತ್ತಿರ ಬಜೆ ಎಂಬಲ್ಲಿ ಸ್ವರ್ಣಾ ನದಿಗೆ ಅಣೆಕಟ್ಟು ಉಂಟು. ಉಡುಪಿ ನಗರದ ನಳ್ಳಿಗೆ ಈ ನೀರು ಬರುತ್ತದೆ. ಬೇಸಿಗೆಯಲ್ಲಿ ನಳ್ಳಿಯಲ್ಲಿ ನೀರು ಯಾಕೆ ನಿಲ್ಲುತ್ತದೆ ಎಂದು ಕೇಳುತ್ತೀರಲ್ಲ, ಆ ಹೊಳೆಯನ್ನು ಒಮ್ಮೆ ನೋಡಿ ಬಂದರೆ ಉತ್ತರ ಗೊತ್ತಾಗುತ್ತದೆ.

ಹಿರಿಯಡ್ಕದಿಂದ ಬೈಲೂರು ಮಾರ್ಗವಾಗಿ ಕಾರ್ಕಳ. ಉಡುಪಿಯಿಂದ ಒಟ್ಟು ಸುಮಾರು 38 ಕಿಲೋಮೀಟರ್. ಬಂಡೆಯ ಮೇಲೆ 42 ಅಡಿ ಎತ್ತರದ ಗೊಮ್ಮಟ, 1432ರಲ್ಲಿ ನಿಲ್ಲಿಸಿದ್ದು. 1586ರ ಚತುರ್ಮುಖ ಬಸದಿ. ಆನೆಕೆರೆಯ ದಡದಲ್ಲಿ ಬುತ್ತಿ ಬಿಚ್ಚಬಹುದು. ರಾತ್ರಿ ಅಲ್ಲಿ ನೆಂಟರ ಮನೆ ಇದ್ದರೆ ಚಿಂತೆಯೇ ಇಲ್ಲ.

ಮರುದಿನ ಹೆಬ್ರಿ ರಸ್ತೆ. ನಡುವೆ ವರಂಗ. ಕೆರೆಯ ಮಧ್ಯದಲ್ಲಿ ಬಸದಿ, ಸುತ್ತ ನೀರು, ಹೋಗಬೇಕಾದರೆ ದೋಣಿ. ಹಿಂದೆ ಘಟ್ಟದ ಗೋಡೆ. ಹೆಬ್ರಿಯಿಂದ ಮುಂದೆ ಸೋಮೇಶ್ವರ, ಆಮೇಲೆ 14 ತಿರುವುಗಳ ಆಗುಂಬೆ ಘಾಟಿ. ನನ್ನ ಮಾತು ಕೇಳುವುದಾದರೆ ಘಾಟಿ ಹತ್ತಲು ಹೋಗಬೇಡಿ. ಹೆಬ್ರಿಯಲ್ಲೇ ತಿರುಗಿ ಪೆರ್ಡೂರಿಗೆ ಬನ್ನಿ. ಅನಂತಪದ್ಮನಾಭನಿಗೆ ಅಲ್ಲಿ ಬಾಳೆಹಣ್ಣಿನ ಸೇವೆ.

ಈಗ ಮುಖ್ಯ ವಿಷಯ. ಸೈಕಲ್ಲಿನಲ್ಲಿ ಕಂಡಕ್ಟರ್ ಇಲ್ಲ. ಓದಬೇಕಾದವರು ನೀವೇ. ರಸ್ತೆ ಬದಿಯ ಮೈಲಿಗಲ್ಲು ನೋಡಿದ್ದೀರಿ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕೆಳಗೆ ಊರಿನ ಹೆಸರು, ಅದರ ಕೆಳಗೆ ಅಂಕೆ. "ಹೆಬ್ರಿ 12" ಎಂದಿದ್ದರೆ ಇನ್ನು 12 ಕಿಲೋಮೀಟರ್. ಗಂಟೆಗೆ 12ರಂತೆ ಹೋದರೆ ಒಂದು ಗಂಟೆ ಬೇಕು. ಬಸ್ಸಿನಲ್ಲಿ ಈ ಕಲ್ಲು ಕಣ್ಣಿಗೆ ಬೀಳುವ ಮೊದಲೇ ಹಿಂದೆ ಹೋಗುತ್ತದೆ. ಸೈಕಲ್ಲಿನಲ್ಲಿ ಅಕ್ಷರ ಕೂಡಿಸಿ ಓದುವಷ್ಟು ಸಮಯ ಸಿಗುತ್ತದೆ. ಕೂಡುರಸ್ತೆಯಲ್ಲಿ ಮೂರು ಬಾಣ, ಮೂರು ಹೆಸರು ಇರುತ್ತದೆ. ಅಲ್ಲಿ ನಿಂತು ನೀವೇ ಓದಿ, ಆಮೇಲೆ ಬೇಕಾದರೆ ಅಂಗಡಿಯವರನ್ನು ಕೇಳಿ.

ಚೀಲದಲ್ಲಿ ಏನಿರಬೇಕು? ಗಾಳಿ ಪಂಪು, ಒಂದು ಟ್ಯೂಬು, ರಬ್ಬರ್ ತುಂಡು, ಸೊಲ್ಯೂಷನ್. ಪಂಕ್ಚರ್ ಆದರೆ ಟ್ಯೂಬಿಗೆ ಗಾಳಿ ಹೊಡೆದು ನೀರಿನಲ್ಲಿ ಮುಳುಗಿಸಿ. ಗುಳ್ಳೆ ಎಲ್ಲಿ ಬರುತ್ತದೋ ಅಲ್ಲೇ ತೂತು. ಇದನ್ನು ಹೊರಡುವ ಮೊದಲೇ ಮನೆಯಂಗಳದಲ್ಲಿ ಒಮ್ಮೆ ಮಾಡಿ ಕಲಿಯಿರಿ. ತಿನ್ನಲು ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಬಾಯಾರುವವರೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದು ನೀರು ಬಿಡುವವರಿದ್ದಾರೆ, ಅದು ತಪ್ಪು. ಬಸ್‌ಸ್ಟ್ಯಾಂಡು, ದೇವಸ್ಥಾನ ಎಲ್ಲೆಲ್ಲಿ ಉಂಟು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸೀರೆಯ ನೆರಿಗೆ ಎತ್ತಿ ಕಟ್ಟಿ, ವೇಲ್ ಇದ್ದರೆ ಬಿಗಿಯಾಗಿ ಸುತ್ತಿ. ಚೈನಿಗೆ ಮುಚ್ಚಳ, ಹಿಂದಿನ ಚಕ್ರಕ್ಕೆ ಜಾಲರಿ ಇರಲಿ. ಕತ್ತಲಾದ ಮೇಲೆ ತುಳಿಯಬೇಡಿ. ತೊಂದರೆಯಾದರೆ ಮೊಬೈಲಿನಲ್ಲಿ 112 ಒತ್ತಿ.

ಬರುವಾಗ ಮಣಿಪಾಲದಿಂದ ಇಂದ್ರಾಳಿಗೆ ಇಳಿಜಾರು. ಮುಂದಿನ ಬ್ರೇಕನ್ನು ಮಾತ್ರ ಒಮ್ಮೆಲೇ ಒತ್ತಿದರೆ ಸೈಕಲ್ ಮಗುಚುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪ ಒತ್ತುತ್ತಾ ಇಳಿಯಿರಿ. ಕಲ್ಸಂಕದಲ್ಲಿ ಗಾಡಿಗಳು ಜಾಸ್ತಿ, ಇಳಿದು ದೂಡಿಕೊಂಡು ದಾಟಿ. ಮನೆಗೆ ಬಂದು ಕಾಲಿಗೆ ಬಿಸಿನೀರು ಹೊಯ್ದುಕೊಂಡಾಯಿತೇ? ಸೈಕಲ್ಲನ್ನೂ ಒರೆಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಡಿ. ನಮ್ಮದು ಕಡಲ ಗಾಳಿ, ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ.