ಮಗು ಹೇಳಿತು, ನಾವು ಕೇಳಿದೆವೇ?

(ಬಾನುಲಿ ಭಾಷಣ)

ನಾನು ಚಿಕ್ಕವನಾಗಿದ್ದಾಗ ಮೈಸೂರಿನ ನಮ್ಮ ವಠಾರದಲ್ಲಿ, ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಒಳಕ್ಕೆ ಕರೆಯುವುದಕ್ಕೆ ಗುಮ್ಮನೊಬ್ಬನಿದ್ದ. ಅವನ ಹೆಗಲ ಮೇಲೆ ಗೋಣಿಚೀಲ. ಅವನ ಮುಖ ಕಂಡವರಿಲ್ಲ. ಊರು ಯಾವುದೋ ಯಾರಿಗೂ ತಿಳಿಯದು. ಅಪರಿಚಿತನಾಗಿರುವುದೇ ಅವನ ಮುಖ್ಯ ಲಕ್ಷಣ. ಗುಮ್ಮ ಎಂದಿಗೂ ಪಕ್ಕದ ಮನೆಯವನಲ್ಲ, ಹಬ್ಬಕ್ಕೆ ಬಂದ ನೆಂಟನಲ್ಲ, ಪಾಠ ಹೇಳಿಕೊಡುವ ಮೇಷ್ಟ್ರಲ್ಲ. ಅಪಾಯವನ್ನು ಕುರಿತು ಹಿರಿಯರು ನಮಗೆ ಕೊಟ್ಟ ಶಿಕ್ಷಣ ಅಷ್ಟೇ. ವಠಾರಗಳು ಹೋಗಿ ಬಹುಮಹಡಿ ಕಟ್ಟಡಗಳು ಬಂದಿವೆಯಾದರೂ, ಆ ಪಾಠ ಇಂದಿಗೂ ಬಹುಮಟ್ಟಿಗೆ ಬದಲಾಗಿಲ್ಲವೆಂದು ನನಗನ್ನಿಸುತ್ತದೆ.

ಇಂದು ನಾನು ಮಾತನಾಡಬೇಕೆಂದಿರುವ ವಿಷಯ ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯ. ಕೇಳುವವರಿಗೆ ಇರುಸುಮುರುಸಾದೀತು, ಹೇಳುವ ನನಗೂ ಆಗುತ್ತಿದೆ. ಆದರೆ ಈ ಇರುಸುಮುರುಸೇ ವಿಷಯದ ಅರ್ಧ ಭಾಗ.

2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಒಂದು ಸಮೀಕ್ಷೆಯನ್ನು ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಸಿದ್ಧಪಡಿಸಿದ ವರದಿ ಅದು. ಅವರಲ್ಲಿ ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದಾಗಿ ಹೇಳಿದರು. ಹಾಗೆ ಹೇಳಿದವರಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ತುಸು ಹೆಚ್ಚೇ ಇತ್ತು. 'ಗಂಡುಹುಡುಗ, ಅವನಿಗೇನಾಗುತ್ತದೆ' ಎಂದು ನಿಶ್ಚಿಂತರಾಗಿರುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಇನ್ನೊಂದು ಅಂಶ: ಈ ಕೃತ್ಯವೆಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಅಥವಾ ಮಗು ನಂಬಿಕೆಯಿಡಬೇಕಾದ ಸ್ಥಾನದಲ್ಲಿದ್ದವರು. ಬಹುಪಾಲು ಮಕ್ಕಳು ಈ ಸಂಗತಿಯನ್ನು ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

ಗುಮ್ಮನ ಪಾಠ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು 'ಮಕ್ಕಳ ಕಳ್ಳ' ಎಂಬ ವದಂತಿಯನ್ನು ನಂಬಿ ಜನ ಹೊಡೆದು ಕೊಂದರು. ಅಪರಿಚಿತನೆಂಬುದೊಂದೇ ಅವನ ಮೇಲಿನ ಸಾಕ್ಷ್ಯ. ಮಕ್ಕಳನ್ನು ಕಾಪಾಡಬೇಕೆಂಬ ಆವೇಶ ನಮ್ಮಲ್ಲಿಲ್ಲದೆ ಇಲ್ಲ. ಆ ಆವೇಶ ಬೀದಿಯ ಕಡೆಗಷ್ಟೇ ಮುಖ ಮಾಡಿದೆ, ಮನೆಯ ಕಡೆಗಿಲ್ಲ.

ನಾನು ಕನ್ನಡದ ಮೇಷ್ಟ್ರು. ಕಾನೂನಿನವನೂ ಅಲ್ಲ, ವೈದ್ಯನೂ ಅಲ್ಲ. ಆದುದರಿಂದ ನನಗೆ ಮೊದಲು ಕಾಣುವುದು ಮಾತಿನ ಸಮಸ್ಯೆ. ಕಣ್ಣು, ಮೂಗು, ಕಿವಿ ಎಂದು ಮಗುವಿಗೆ ಅಂಗಾಂಗಗಳ ಹೆಸರನ್ನು ಹೇಳಿಕೊಡುತ್ತ ಹೊಟ್ಟೆಯವರೆಗೆ ಬರುತ್ತೇವೆ. ಅಲ್ಲಿಂದ ನೇರವಾಗಿ ಮಂಡಿಗೆ ಹಾರುತ್ತೇವೆ. ನಡುವಿನ ಭಾಗಕ್ಕೆ ಹೆಸರಿಲ್ಲ. ಅದು 'ಶೇಮ್ ಶೇಮ್' ಅಥವಾ 'ಛೀ'. ಹೆಸರೇ ಇಲ್ಲದ ಜಾಗದಲ್ಲಿ ನೋವಾದರೆ ಮಗು ಏನೆಂದು ಹೇಳಬೇಕು? 'ಛೀ' ಎಂದು ನಾವೇ ಹೇಳಿಕೊಟ್ಟ ಮೇಲೆ, ಅಲ್ಲಿ ನಡೆದ ತಪ್ಪೂ ತನ್ನದೇ ಎಂದಲ್ಲವೇ ಅದು ತಿಳಿಯುವುದು?

ದೊಡ್ಡವರ ಮಾತೂ ಇದಕ್ಕಿಂತ ಉತ್ತಮವಾಗಿಲ್ಲ. ನಮ್ಮ ಪತ್ರಿಕೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪದಗಳು 'ಮಾನಭಂಗ', 'ಶೀಲಹರಣ'. ಯಾರ ಮಾನ ಭಂಗವಾಯಿತು? ತಪ್ಪು ಮಾಡಿದವನ ಮಾನಕ್ಕೆ ಈ ಸಮಾಸಗಳಲ್ಲಿ ಯಾವ ಧಕ್ಕೆಯೂ ಇಲ್ಲ, ಕಳೆದುಕೊಂಡವಳು ಹುಡುಗಿ. ಒಂದು ಭಾಷೆಯು ತನ್ನ ಶಬ್ದಗಳಲ್ಲೇ ಹೀಗೆ ತೀರ್ಪು ಕೊಟ್ಟುಬಿಟ್ಟರೆ, ಮನೆಮಂದಿ 'ಹೊರಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ' ಎಂದು ಬಾಗಿಲು ಹಾಕಿಕೊಳ್ಳುವುದರಲ್ಲಿ ಆಶ್ಚರ್ಯವೇನು? 'ದೌರ್ಜನ್ಯ' ಎಂಬ ಪದ ಮೇಲು. ದುರ್ಜನತನ ಯಾರದೆಂಬುದು ಅದರಲ್ಲಿ ಸ್ಪಷ್ಟವಾಗಿದೆ.

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕು. ಅದಕ್ಕೆ ಸಂಬಂಧಪಟ್ಟಾಕೆಯ ಒಪ್ಪಿಗೆ ಪಡೆದಿದ್ದೇನೆ. ಗುರುತಾಗುವ ವಿವರಗಳನ್ನು ಬಿಟ್ಟಿದ್ದೇನೆ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಮ್ಮ ನೆರೆಮನೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ನನ್ನ ಬಳಿ ಕಥೆ ಕೇಳುವುದಕ್ಕೆ ಬರುತ್ತಿದ್ದಳು. ಒಂದು ಸಂಜೆ ಜಗುಲಿಯ ಮೇಲೆ ನಾಲ್ಕಾರು ಜನ ಕುಳಿತಿದ್ದಾಗ ಬಂದು, "ಮಾಮ, ನಾನು ಲೆಕ್ಕದ ಪಾಠಕ್ಕೆ ಹೋಗಲ್ಲ. ಅಪ್ಪನಿಗೆ ನೀವೇ ಹೇಳಿ" ಎಂದಳು. ಯಾಕಮ್ಮ ಎಂದೆ. "ಆ ಸರ್ ಮನೆ ಚೆನ್ನಾಗಿಲ್ಲ" ಎಂದಳು. "ಮೇಷ್ಟ್ರ ಮನೆ ಚೆನ್ನಾಗಿಲ್ಲದಿದ್ದರೂ ಚಿಂತೆಯಿಲ್ಲ ಮರಿ, ಲೆಕ್ಕ ಚೆನ್ನಾಗಿ ಬಂದರಾಯಿತು" ಎಂದೆ ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು.

ಆ ದಿನಗಳಲ್ಲಿ ನಾನು ಎಂ.ಎ. ವಿದ್ಯಾರ್ಥಿಗಳಿಗೆ ಆನಂದವರ್ಧನನ ಧ್ವನಿಸಿದ್ಧಾಂತವನ್ನು ಪಾಠ ಹೇಳುತ್ತಿದ್ದೆ. ಮಾತಿನ ವಾಚ್ಯಾರ್ಥವನ್ನು ದಾಟಿ, ಅದು ಸೂಚಿಸುವ ಅರ್ಥವನ್ನು ಹಿಡಿಯಬಲ್ಲವನೇ ಸಹೃದಯ ಎಂದು ಗಂಟೆಗಟ್ಟಲೆ ವಿವರಿಸುತ್ತಿದ್ದೆ. ಒಂಬತ್ತು ವರ್ಷದ ಮಗು ತನಗೆ ತಿಳಿದ ನಾಲ್ಕು ಮಾತಿನಲ್ಲಿ ಸೂಚಿಸಿದುದು ಮಾತ್ರ ನನಗೆ ಕೇಳಿಸಲಿಲ್ಲ. ಮುಂದೆ ಬಹಳ ವರ್ಷಗಳ ಮೇಲೆ, ತಾನೂ ತಾಯಿಯಾದ ನಂತರ, ಆಕೆ ಒಂದು ದಿನ ನಮ್ಮ ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ನನ್ನ ಮೇಲೆ ಕೋಪವೇನೂ ಇರಲಿಲ್ಲ. "ನೀವು ಅವತ್ತು ನಕ್ಕಿರಿ ಮಾಮ. ಆಮೇಲೆ ಯಾರಿಗೂ ಹೇಳಲಿಲ್ಲ" ಎಂದಷ್ಟೇ ಅಂದಳು.

ಮಕ್ಕಳು ಇಂಥದನ್ನು ನೇರವಾಗಿ ಹೇಳುವುದು ಅಪರೂಪ. ಹೊಟ್ಟೆನೋವು ಎನ್ನುತ್ತಾರೆ. ಇಂಥವರ ಮನೆಗೆ ಬರುವುದಿಲ್ಲವೆನ್ನುತ್ತಾರೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುತ್ತದೆ. ಓದಿನಲ್ಲಿ ಮುಂದಿದ್ದ ಹುಡುಗ ಹಿಂದೆ ಬೀಳುತ್ತಾನೆ. ಪ್ರತಿ ಹೊಟ್ಟೆನೋವಿನ ಹಿಂದೆಯೂ ಇದೇ ಇದೆಯೆಂದಲ್ಲ. ಹಾಗೆ ಶಂಕಿಸುತ್ತ ಹೋದರೆ ಬದುಕುವುದೇ ಕಷ್ಟ. ಕಾರಣವನ್ನು ಕೇಳುವ ತಾಳ್ಮೆಯಿರಬೇಕು, ಅಷ್ಟೆ.

ಈಚೆಗೆ ಶಾಲೆಗಳಲ್ಲಿ ಸ್ಪರ್ಶದ ಪಾಠ ನಡೆಯುತ್ತಿದೆ. ಮೊದಲು 'ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ' ಎನ್ನುತ್ತಿದ್ದರು. ಈಗ ಬಲ್ಲವರು 'ಸುರಕ್ಷಿತ, ಅಸುರಕ್ಷಿತ' ಎನ್ನತೊಡಗಿದ್ದಾರೆ. ಬದಲಾವಣೆ ಸಣ್ಣದೆನಿಸಿದರೂ ಸರಿಯಾದದ್ದು. 'ಕೆಟ್ಟದ್ದು' ಎಂದರೆ ತಾನೂ ಕೆಟ್ಟೆನೆಂದು ಮಗು ಭಾವಿಸೀತು. ಅಲ್ಲದೆ ವಂಚಕನ ಸ್ಪರ್ಶ ಮೊದಮೊದಲು ಮುದ್ದಿನಂತೆಯೇ ಇರುತ್ತದೆ, ಚಾಕೊಲೇಟಿನೊಡನೆ ಬರುತ್ತದೆ. ಅವನು ಕೇಳುವುದು ಒಂದೇ: 'ಇದು ನಮ್ಮಿಬ್ಬರ ಗುಟ್ಟು.' ಆದ್ದರಿಂದ ಸ್ಪರ್ಶದ ಪಾಠದಷ್ಟೇ ಮುಖ್ಯವಾದದ್ದು ಗುಟ್ಟಿನ ಪಾಠ. ಅಮ್ಮನಿಗೆ ಹೇಳಬಾರದೆಂದು ದೊಡ್ಡವರೊಬ್ಬರು ಹೇಳಿದರೆ, ಅದನ್ನೇ ಅಮ್ಮನಿಗೆ ಮೊದಲು ಹೇಳಬೇಕು.

ಈ ಪಾಠಗಳ ಬಗ್ಗೆ ನನ್ನದೊಂದು ತಕರಾರಿದೆ. ಇವು ಕಾವಲಿನ ಹೊರೆಯನ್ನೆಲ್ಲ ಮಗುವಿನ ಹೆಗಲಿಗೇರಿಸುತ್ತವೆ. 'ಬೇಡ ಎಂದು ಕೂಗು, ಓಡಿಹೋಗು' ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಅದೇ ಸಂಜೆ ಮನೆಗೆ ಬಂದ ನೆಂಟರ ತೊಡೆಯ ಮೇಲೆ ಕೂರಲು ಮಗು ಒಲ್ಲೆನೆಂದರೆ, 'ದೊಡ್ಡವರಿಗೆ ಹಾಗೆನ್ನಬಾರದು, ಹೋಗಿ ಮುತ್ತು ಕೊಡು' ಎಂದು ಗದರುತ್ತೇವೆ. ಎರಡರಲ್ಲಿ ಯಾವ ಪಾಠ ಉಳಿಯುತ್ತದೆ? ಒಲ್ಲೆನೆಂದ ಮಗು ದೂರದಿಂದಲೇ ನಮಸ್ಕಾರ ಮಾಡಲಿ. ನೆಂಟಸ್ತಿಕೆಗೆ ಅದರಿಂದ ಕೊರತೆಯಾಗದು. ಶಿಕ್ಷಣ ಮೊದಲು ಬೇಕಾದದ್ದು ಮಕ್ಕಳಿಗಲ್ಲ, ನಮಗೆ.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಜನ 'ಪೋಕ್ಸೋ' ಎನ್ನುವುದು, 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ ಜಾರಿಗೆ ಬಂದಿತು. ಹದಿನೆಂಟು ತುಂಬದ ಎಲ್ಲರೂ, ಗಂಡಾಗಲಿ ಹೆಣ್ಣಾಗಲಿ, ಅದರ ರಕ್ಷಣೆಗೆ ಒಳಪಟ್ಟವರು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಕಡೆ ಪಡೆಯಬೇಕು. ಹಾಗೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಕೂಡದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಪತ್ರಿಕೆಗಳು ಮಗುವಿನ ಗುರುತನ್ನು ಬಯಲುಮಾಡಕೂಡದು. ನಾಗರಿಕರಾದ ನಾವು ಹೆಚ್ಚಾಗಿ ಅರಿಯದ ಭಾಗವೆಂದರೆ 19 ಮತ್ತು 21ನೆಯ ಕಲಮುಗಳು. ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ಸುಮ್ಮನಿದ್ದವರಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ತಿಳಿಸಿದವರಿಗೆ ಕಾನೂನಿನ ತೊಡಕಿಲ್ಲ. 'ನಮಗೇಕೆ ಊರ ಉಸಾಬರಿ' ಎಂಬ ಮಾತನ್ನು ಕಾಯ್ದೆ ಒಪ್ಪುವುದಿಲ್ಲ.

1098 ಎಂಬ ನಾಲ್ಕು ಅಂಕಿಗಳನ್ನು ಕೇಳುಗರು ಗುರುತು ಹಾಕಿಕೊಳ್ಳಬೇಕೆಂದು ಕೋರುತ್ತೇನೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮಕ್ಕಳ ಸಹಾಯವಾಣಿ ಇದು. 2023ರಿಂದ ಸರ್ಕಾರವೇ ನಡೆಸುತ್ತಿದೆ. ಕರೆಗೆ ಹಣವಿಲ್ಲ, ಮಗುವೇ ಮಾಡಬಹುದು, ಮಗುವಿನ ಪರವಾಗಿ ಯಾರಾದರೂ ಮಾಡಬಹುದು.

ನಮ್ಮ ಊರಿನಲ್ಲಿ ಈ ಕೆಲಸಕ್ಕೆ ನೆಲೆಯಿಲ್ಲದೆ ಇಲ್ಲ. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಂ ಎಂಬ ಇಬ್ಬರು ಗೆಳೆಯರು ಕಟ್ಟಿದ 'ಒಡನಾಡಿ' ಸಂಸ್ಥೆ, ಮಾರಾಟಕ್ಕೂ ಲೈಂಗಿಕ ಶೋಷಣೆಗೂ ಸಿಕ್ಕಿದ ಹೆಂಗಸರು ಮತ್ತು ಮಕ್ಕಳನ್ನು ಬಿಡಿಸಿ ತಂದು ಆಶ್ರಯ ಕೊಡುವ ಕೆಲಸವನ್ನು ದಶಕಗಳಿಂದ ಮಾಡುತ್ತಿದೆ. ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆಗಳಿವೆ. ಮಕ್ಕಳನ್ನು ಠಾಣೆಗೆ ಕರೆದು ಭಯ ಬಿಡಿಸುವ ಪೊಲೀಸರ 'ತೆರೆದ ಮನೆ' ಕಾರ್ಯಕ್ರಮವಿದೆ. ಆದರೆ ವರ್ಷಕ್ಕೊಮ್ಮೆ ಅಧಿಕಾರಿಯೊಬ್ಬರು ಬಂದು ಅರ್ಧ ಗಂಟೆ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಹೋದರೆ ಅದು ಅರಿವಲ್ಲ. ಬಡಾವಣೆಯ ಗಣೇಶೋತ್ಸವದಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಬಹುದು. ರಂಗಾಯಣದ ಚಿಣ್ಣರ ಮೇಳದಂಥ ಶಿಬಿರಗಳಿಗೆ ಮಕ್ಕಳನ್ನು ಬಿಡಲು ಬಂದ ತಂದೆತಾಯಿಗಳನ್ನು ಒಂದು ಗಂಟೆ ಕೂರಿಸಿಕೊಂಡು ಮಾತನಾಡಬಹುದು. ಬಾನುಲಿಯೂ ಆದೀತು. 1935ರಲ್ಲಿ ಈ ಊರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ನನಗೆ ಆಗಾಗ ನೆನಪಾಗುತ್ತದೆ.

ಮಗು ಬಂದು ಹೇಳಿದಾಗ ಏನು ಮಾಡಬೇಕು? ಚೀರಬಾರದು, ಅಳಬಾರದು, ಹತ್ತು ಜನರ ಮುಂದೆ ಮತ್ತೆ ಮತ್ತೆ ಹೇಳಿಸಬಾರದು. 'ನೀನೇಕೆ ಹೋದೆ' ಎನ್ನಬಾರದು. 'ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ' ಎಂದು ಹೇಳಿ, ಅದು ತನ್ನ ಮಾತಿನಲ್ಲಿ ಹೇಳಿದಷ್ಟನ್ನು ಕೇಳಿಸಿಕೊಳ್ಳಬೇಕು. ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಡಬಾರದು, ಏಕೆಂದರೆ ಉಳಿಸಿಕೊಳ್ಳಲಾಗದು. ಚಿಕಿತ್ಸೆ ಬೇಕಿದ್ದರೆ ಆಸ್ಪತ್ರೆಯವರು, ಖಾಸಗಿಯವರೂ ಸೇರಿ, ಉಚಿತವಾಗಿ ಕೊಡಬೇಕೆಂದು ಕಾನೂನಿದೆ.

ಕಳೆದ ತಿಂಗಳು ನನ್ನ ಮೊಮ್ಮಗಳು, ಏಳು ವರ್ಷದವಳು, "ತಾತ, ನಾಳೆಯಿಂದ ನಾನು ವ್ಯಾನಿನಲ್ಲಿ ಹೋಗಲ್ಲ" ಎಂದಳು. ಬಾಯಿಗೆ ಬಂದಿದ್ದ ಹಾಸ್ಯವನ್ನು ನುಂಗಿಕೊಂಡೆ. ಪತ್ರಿಕೆಯನ್ನು ಮಡಿಸಿಟ್ಟು ಅವಳ ಪಕ್ಕದಲ್ಲಿ ಕುಳಿತೆ. ಶಾಲೆ, ಗೆಳತಿ, ಬೆಕ್ಕಿನ ಮರಿ ಎಂದು ಎಲ್ಲೆಲ್ಲೋ ಸುತ್ತಿ ಅವಳು ವ್ಯಾನಿಗೆ ಬಂದು ಸೇರುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಹಿಂದಿನ ಸೀಟಿನ ಹುಡುಗ ದಿನವೂ ಜಡೆ ಎಳೆಯುತ್ತಾನಂತೆ. ಮರುದಿನ ಬೆಳಿಗ್ಗೆ ನಾನೇ ವ್ಯಾನಿನವರೆಗೆ ಹೋಗಿ ಅವಳಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡಿಸಿ ಬಂದೆ.